ಯಾವ ಬಾಬ್ತು

ಮೂರು ವರ್ಷದ ಮಾನ್ಯತೆ ಈ ಜೂನಿಗೆ ಮುಗಿಯುತ್ತದೆ.
ಅದಕ್ಕೇ ನಿನ್ನೆ ರಾತ್ರಿ ಹನ್ನೊಂದರವರೆಗೆ
ನಾನೂ ನಾಗವೇಣಿಯೂ ಕಪಾಟುಗಳಿಗೆ ನಂಬರು ಅಂಟಿಸಿದೆವು.
ಹೊಲಿಗೆ ಯಂತ್ರ ಒಂದು. ಕೈಮಗ್ಗ, ಪುಟ್ಟದು, ಒಂದು.
ಗುಂಡಿ ಹಾಕುವ ಹಲಗೆ ನಾಲ್ಕು; ಒಂದರ ಕಾಜ ಹರಿದಿದೆ,
ಅದನ್ನು ಎಲ್ಲದರ ಅಡಿಗೆ ಇಟ್ಟೆವು.
ಮಂಡಕ್ಕಿ ತುಂಬಿದ ಟಬ್ಬು ಒಂದು.
ಇದಕ್ಕೆ ಮಾತ್ರ ನಂಬರು ಸಿಗಲಿಲ್ಲ.
ಉಪಕರಣವೇ? ಬಳಸಿ ಮುಗಿಯುವ ಸಾಮಗ್ರಿಯೇ?
"ತಿಂಡಿ ಅಂತ ಬರೀರಿ ಮೇಡಂ"
ಎಂದಳು ಜಗಳೂರಿನ ಹುಡುಗಿ, ನಿದ್ದೆಗಣ್ಣಲ್ಲಿ.

ದಾವಣಗೆರೆಯಲ್ಲಿ ನನ್ನ ವಿದ್ಯೆಗೆ ಇನ್ನೂ ಹೆಸರಿಲ್ಲ.
ಆಕ್ಯುಪೇಷನಲ್ ಅಂದರೆ ಉದ್ಯೋಗ ವಿನಿಮಯ ಕಚೇರಿ ಎಂದುಕೊಂಡು
ಹರಿಹರದ ಐಟಿಐ ಹುಡುಗನೊಬ್ಬ
ಬಯೋಡೇಟಾ ಕೊಟ್ಟು ಹೋಗಿದ್ದ.
ಅತ್ತೆ ಹೇಳುವುದು: "ನಮ್ಮ ಸೊಸೆ ಕೈಗೆ ಡಾಕ್ಟ್ರು."
ಸರಿ, ಇರಲಿ.
ಕೈಯೇ ಕೈಕೊಟ್ಟವರು ಬರುತ್ತಾರೆ ಇಲ್ಲಿಗೆ.

ಮೂವರು ಬಂದರು, ಹತ್ತೂಕಾಲಿಗೆ.
ಒಬ್ಬರು ಟೇಪು ಹಿಡಿದು ಕೋಣೆ ಅಳೆದರು,
ಒಬ್ಬರು ಪುಸ್ತಕಗಳ ಬೆನ್ನು ಎಣಿಸಿದರು,
ಹಿರಿಯರು ದಾಖಲೆ ತಿರುವಿದರು:
ವಿದ್ಯಾರ್ಥಿಗಳು ರೋಗಿಗಳ ಪಕ್ಕ ಕೂತ ತಾಸುಗಳು, ಸಹಿ ಸಮೇತ.
ನಾನು ಅವರನ್ನು ಹಳಿಯುವುದಿಲ್ಲ.
ಅಳೆಯದೆ ಬಿಟ್ಟರೆ ಏನಾಗುತ್ತದೆಂದು ಬಲ್ಲೆ.
ನಾನು ಓದಿದ ಕಾಲೇಜಿನಲ್ಲಿ ಸ್ಪ್ಲಿಂಟ್ ಮಾಡುವುದನ್ನು
ಕರಿಹಲಗೆಯ ಮೇಲೆ ಕಲಿಸಿದ್ದರು.
ಮೊದಲ ರೋಗಿಯ ಚರ್ಮ ಸುಟ್ಟೆ ನಾನು.
ಹೆಬ್ಬೆರಳ ಬುಡದಲ್ಲಿ ಆ ಗುರುತು
ಇನ್ನೂ ಇರಬೇಕು ಅವನಿಗೆ.

ಟಬ್ಬಿನ ಮುಂದೆ ನಿಂತರು ಹಿರಿಯರು. "ಇದೇನು?"
ಸ್ಪರ್ಶ ಮರಳಿಸುವ ಅಭ್ಯಾಸ ಸಾರ್. ಇದರೊಳಗೆ
ಗುಂಡಿ, ಬೀಗದ ಕೈ, ಹುಣಸೆಬೀಜ ಬಚ್ಚಿಡುತ್ತೇವೆ,
ಕಣ್ಣು ಕಟ್ಟಿ ಹುಡುಕಿಸುತ್ತೇವೆ.
"ಪಟ್ಟಿಯಲ್ಲಿ ಬೇರೆ ಇದೆಯಲ್ಲ, ಬಣ್ಣದ ಗೋಲಿ, ವಿದೇಶದ್ದು."
ನಮ್ಮೂರಲ್ಲಿ ಇದು ಅಗ್ಗ ಸಾರ್.
ನಕ್ಕರು. ಬರೆದುಕೊಂಡರೋ ಇಲ್ಲವೋ ಕಾಣಲಿಲ್ಲ.
ಒಂದೂವರೆಗೆ ಬೆಣ್ಣೆದೋಸೆ ಬಂತು,
ಪ್ರಿನ್ಸಿಪಾಲರ ಕೋಣೆಯ ಬಾಗಿಲು ಮುಚ್ಚಿತು.

ಆಗ ಬಂದಳು ಖಾಜಾಬಿ.
ಇವತ್ತು ಬೇಡ ಎಂದು ಫೋನು ಮಾಡಿದ್ದೆವು, ಮಗ ಹೇಳಲು ಮರೆತಿದ್ದ.
ಇಪ್ಪತ್ತಾರು ವರ್ಷ ಭಟ್ಟಿಯ ಬಾಯಿಗೆ ಮುಖ ಕೊಟ್ಟು
ಕಾದ ಮರಳಲ್ಲಿ ಅಕ್ಕಿ ಅರಳಿಸಿದವಳು.
ರಂಜಾನಿಗೆ ವಾರವಿರುವಾಗ ಲಕ್ವ ಹೊಡೆದು ಬಲಗೈ ಬಿತ್ತು.
ಏಳು ತಿಂಗಳಿಂದ ಆ ಕೈಗೆ
ಗುಂಡಿಯೂ ಒಂದೇ, ಹುಣಸೆಬೀಜವೂ ಒಂದೇ.
"ಬಾಡಿಗೆಗೆ ತಂದ ಕೈ ಇದ್ದಂಗೈತೆ ಮೇಡಂ."

ನಾಗವೇಣಿ ಕಣ್ಣಿಗೆ ಬಟ್ಟೆ ಕಟ್ಟಿದಳು.
ಬಲಗೈ ಟಬ್ಬಿಗಿಳಿಯಿತು,
ಆಳ ಗೊತ್ತಿಲ್ಲದ ಬಾವಿಗೆ ಕೊಡ ಇಳಿದಂತೆ.
ಬಹಳ ಹೊತ್ತು. ಗುಂಡಿ ಸಿಗಲಿಲ್ಲ. ಬೀಗದ ಕೈಯೂ.
ಬೆರಳಿಗೆ ಬೆರಳು ತಿಕ್ಕಿದಳು ಖಾಜಾಬಿ, ಮೂಗು ಮುರಿದಳು,
"ಥೂ, ಯಾವನು ಕೊಟ್ಟ ಮೇಡಂ ಇದನ್ನ?
ಮೆತ್ತಗಾಗೈತೆ. ಗರಿಗರಿ ಹೋಗಿ ಎರಡು ದಿನ ಆಗೈತೆ."

ನಾಗವೇಣಿ ನನ್ನನ್ನು ನೋಡಿದಳು.
ನಾನು ಗಡಿಯಾರ ನೋಡಿದೆ, ಬರೆಯಬೇಕಲ್ಲ.
"ಯಾವ ಕೈ ಹೇಳ್ತು, ಖಾಜಾಬಿ?"

ಸುಮ್ಮನಾದಳು.
ಆಮೇಲೆ ಬೈಗುಳ ಮುಂದುವರಿಸಿದಳು, ಇನ್ನೂ ಜೋರಾಗಿ:
ಅಕ್ಕಿಯ ಜಾತಿಯನ್ನು, ಮರಳಿನ ಕಾವನ್ನು,
ಉಪ್ಪುನೀರು ಚಿಮುಕಿಸಿದವನ ಸೋಮಾರಿತನವನ್ನು,
ಒಂದೊಂದೇ ಕಾಳು ಹಿಸುಕಿ.

ಮೂರಕ್ಕೆ ಬಾಗಿಲು ತೆರೆಯಿತು.
ವರದಿಗೆ ಆರು ವಾರವಂತೆ.
ಅಧ್ಯಾಪಕರು ಒಬ್ಬರು ಕಡಿಮೆ,
ಗಾಲಿಕುರ್ಚಿಯ ಇಳಿಜಾರು ಕಡಿದಾಯಿತು ಎಂದರು.
ಎರಡೂ ನಿಜ.

ಸಂಜೆ ಟಬ್ಬು ಬರಿದು ಮಾಡಿದೆವು. ಬೀಗದ ಕೈ ತಳದಲ್ಲಿತ್ತು.
ನಾಳೆಗೆ ಹೊಸ ಮಂಡಕ್ಕಿ, ಎರಡು ಸೇರು.
ಯಾರ ಭಟ್ಟಿಯದು ತರಬೇಕೆಂದು ಅವಳೇ ಹೇಳಿದ್ದಾಳೆ.
ಖರ್ಚು ಯಾವ ಬಾಬ್ತಿಗೆ ಹಾಕುವುದೋ
ಇನ್ನೂ ಗೊತ್ತಿಲ್ಲ.