ಅಂತರ

ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ
ಆಕಾಶದ ಕಡೆ ಹೊರಟವರನ್ನು ತಡೆಯುವುದು.
ಮುಂಗಾರಿಗೆ ಮುಂಚೆ, ಮೇ ತಿಂಗಳ ಉರಿಯಲ್ಲಿ
ಏಣಿ, ಹಗ್ಗ, ಉದ್ದ ಕೋಲಿನ ಕುಡುಗೋಲು.
ತಂತಿ ಮುಟ್ಟಿದ ಮಾವಿಗೆ ಒಂದು ಏಟು,
ಹಲಸಿಗೆ ಎರಡು.
ಕೆಳಗೆ ನಿಂತವರು ಬೈಯುತ್ತಾರೆ. ಬೈಯಲಿ.
ರಾತ್ರಿ ಕರೆಂಟು ಹೋದರೂ ಅವರೇ ಬೈಯುವುದು.

ಆನಂದಪುರದಾಚೆ, ಕಲ್ಲು ತೆಗೆದು ಬಿಟ್ಟ ಜಾಗದಲ್ಲಿ
ನನಗೆ ದಕ್ಕಿದ್ದು ಮೂವತ್ತು ನಲವತ್ತರ ಸೈಟು.
ಬರೀ ಜಂಬಿಟ್ಟಿಗೆ. ಗುದ್ದಲಿ ಇಟ್ಟರೆ
ಕಂಬಕ್ಕೆ ಕಲ್ಲು ಹೊಡೆದ ಹಾಗೆ ಸದ್ದು.
ನರ್ಸರಿಯಿಂದ ತಂದ ಕ್ರೋಟನ್ನು, ಗುಲಾಬಿ
ಒಂದೊಂದಾಗಿ ರಜೆ ಹಾಕಿದವು,
ಮತ್ತೆ ಡ್ಯೂಟಿಗೆ ಬರಲಿಲ್ಲ.

ಆಡು ಹೊಡಕೊಂಡು ಹೋಗುತ್ತಿದ್ದ ಕೆರಿಯಮ್ಮ
ಬಾಯಲ್ಲಿ ಚೀಪುತ್ತಿದ್ದ ಕೌಳಿಬೀಜ
ಅಂಗೈಗೆ ಉಗಿದು ನನಗೆ ಕೊಟ್ಟಳು.
‘ನೀರು?’ ಅಂದೆ.
‘ಮೊದ್ಲ ಬ್ಯಾಸಿಗೇಲಿ ದಿನಕ್ಕೊಂದು ಚೊಂಬು.
ಆಮೇಲೆ ಅದರ ಪಾಡಿಗೆ ಬಿಡು.
ನೋಡ್ತಾ ನಿಂತ್ರೆ ಅದಕ್ಕೆ ನಾಚಿಕೆ.’

ಮೊದಲ ವರ್ಷ ನಾಲ್ಕು ಬೆರಳು.
ಎರಡನೇ ವರ್ಷವೂ ನಾಲ್ಕೇ ಬೆರಳು.
ಸತ್ತಿರಬೇಕೆಂದು ಬಗ್ಗಿ ಕಿತ್ತೆ.
ಬರಲಿಲ್ಲ.
ಮೇಲೆ ಕೂಸಿನ ಕಿರುಬೆರಳು,
ಕೆಳಗೆ ಕಟ್ಟಾಳಿನ ಹಿಡಿತ.
ಅರ್ಥಿಂಗ್ ತಂತಿ ಹೂತವನು ನಾನು,
ಆ ಹಿಡಿತ ನನಗೆ ಗೊತ್ತಿರಬೇಕಿತ್ತು.

ಈಗ ನನ್ನೆದೆ ಮಟ್ಟಕ್ಕಿದೆ.
ಮಾರ್ಚಿಯಲ್ಲಿ ತೇಗ ಎಲೆ ಕಳಚಿ
ನಮ್ಮ ಇಲಾಖೆಯ ಕಂಬದಂತೆ ನಿಂತಾಗ
ಇದು ಹಸಿರು, ಎಣ್ಣೆ ಸವರಿದ ಹಸಿರು,
ಮೇಲೆ ಮಲ್ಲಿಗೆಯದೇ ತಂಗಿಯಂಥ ಹೂ.
ಮುರಿದರೆ ಹಾಲು. ಮುಟ್ಟಿದರೆ ಮುಳ್ಳು,
ಒಂದೊಂದೂ ಎರಡು ಕವಲು.
ಆ ಮುಳ್ಳೊಳಗೆ ಪಿಕಳಾರ ಕಟ್ಟಿದ ಬಟ್ಟಲು:
ನಾರು, ಜೇಡನ ಬಲೆ,
ನನ್ನ ಜೇಬಿನಿಂದ ಬಿದ್ದ ಕೆಂಪು ವೈರಿನ ಸಿಪ್ಪೆ.
ಬುಡದಲ್ಲಿ ಓತಿ. ಎಲೆ ಮೇಯುವ ದಪ್ಪ ಹುಳುವಿಗೆ
ಬೆನ್ನ ಮೇಲೆ ಎರಡು ನೀಲಿ ಕಣ್ಣು;
ಅದು ನೋಡುವುದಿಲ್ಲ, ನೋಡುವವರನ್ನು ಹೆದರಿಸುತ್ತದೆ.

ಪಕ್ಕದ ಸೈಟಿನ ತಿಪ್ಪೋಜಿರಾಯರು ಅರ್ಜಿ ಕೊಟ್ಟರು.
‘ವಿದ್ಯುತ್ ಮಾರ್ಗದ ಕೆಳಗೆ ಅಪಾಯಕಾರಿ ಪೊದೆ,
ಹಾವು ಸೇರಿಕೊಂಡಿದೆ, ತೆರವುಗೊಳಿಸತಕ್ಕದ್ದು.’
ಆಫೀಸಿನಲ್ಲಿ ಅದು ನನ್ನ ಕೈಗೇ ಬಂತು.
ವಿಳಾಸ ಓದಿದೆ. ಮತ್ತೊಮ್ಮೆ ಓದಿದೆ.
ಏಣಿ ಹೊತ್ತು ನನ್ನ ಮನೆಗೇ ಡ್ಯೂಟಿಗೆ ಹೋದೆ.

ಟೇಪು ಹಿಡಿದೆ.
ಪೊದೆ, ನಾಲ್ಕು ಅಡಿ ಎರಡು ಇಂಚು.
ತಂತಿ, ಹತ್ತೊಂಬತ್ತು.
‘ಅಂತರ ಸಾಕಷ್ಟಿದೆ. ಕಡಿಯುವ ಅಗತ್ಯ ಇಲ್ಲ.’
ಹಾವಿನ ಬಗ್ಗೆ, ‘ಒಂದು ಕೇರೆ, ಇಲಿ ಹಿಡಿಯುತ್ತದೆ’
ಎಂದು ಬರೆದು ಹೊಡೆದುಹಾಕಿದೆ.
ಅದು ನಮ್ಮ ಇಲಾಖೆಗೆ ಬರುವುದಿಲ್ಲ.

ಸಹಿ ಹಾಕುವಾಗ ಕೈ ನಿಂತಿತು.
ಹಿಂದಿನ ವರ್ಷ ಗೌತಮಪುರದ ತಿರುವಿನಲ್ಲಿ
ಉರುಳಿಸಿದ ಆ ಹಲಸಿನ ಕೊಂಬೆ.
ಅದರಲ್ಲಿ ಬಟ್ಟಲು ಇತ್ತೇ?
ನೋಡಿರಲಿಲ್ಲ.
ಅಲ್ಲಿ ನನಗೆ ಕಂಡದ್ದು ತಂತಿ ಮಾತ್ರ.

ಆಮೇಲಿಂದ ಕುಡುಗೋಲು ಎತ್ತುವ ಮುಂಚೆ
ಕೊಂಬೆಯನ್ನು ಕೋಲಿನಿಂದ ತಟ್ಟುತ್ತೇನೆ,
ಬೇರೆಯವರ ಮನೆ ಬಾಗಿಲು ತಟ್ಟುವ ಹಾಗೆ.
ಜತೆಗಿರುವ ಹುಡುಗ ನಗುತ್ತಾನೆ.
ಯಾರಾದರೂ ಹಾರಿ ಬಂದರೆ
ಮುಂದಿನ ಕಂಬಕ್ಕೆ ಹೋಗಿ, ವಾರ ಬಿಟ್ಟು ಬರುತ್ತೇವೆ.
ಎಲ್ಲ ಸಲವೂ ಅಲ್ಲ. ಗಾಳಿಮಳೆ ಕಾಯುವುದಿಲ್ಲ.

ಮೊನ್ನೆ ತಿಪ್ಪೋಜಿರಾಯರ ಅತ್ತಿಗೆ
ಸ್ಟೀಲಿನ ಪಾತ್ರೆ ಹಿಡಿದು ಬೇಲಿಯ ಬಳಿ ನಿಂತರು.
‘ಉಪ್ಪಿನಕಾಯಿಗೆ ಒಂದು ಸೇರು ಕಾಯಿ ಬೇಕಿತ್ತು.’
‘ಮುಳ್ಳಿದೆ, ಜೋಪಾನ’ ಅಂದೆ.
ಕೈ ಹಾಕಿದರು. ಬೆರಳಿಗೆಲ್ಲ ಹಾಲಿನ ಅಂಟು,
ಮಣಿಕಟ್ಟಿನ ಮೇಲೆ ಒಂದು ಕೆಂಪು ಗೆರೆ.
ಅವರು ಏನೂ ಅನ್ನಲಿಲ್ಲ.

ಒಳಗಿಂದ ಪಿಕಳಾರ ಬೈಯಿತು.
ಬೈಯಲಿ.