ತಿದ್ದುಪಡಿ

ಒಂದೇ ಹಾಳೆ, ಎರಡು ಮಡಿಕೆ, ಇಪ್ಪತ್ತೈದು ಪ್ರತಿ.
ಮಂಡ್ಯದ ಗುತ್ತಲು ರಸ್ತೆಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ
ಟೋನರ್ ಮುಗಿಯುವ ಹೊತ್ತಿಗೆ ಅಚ್ಚಾದದ್ದು,
ಹಾಗಾಗಿ ಮೊದಲ ಸಂಚಿಕೆ ಬೂದಿ ಬಣ್ಣ.

'ನಮ್ಮ ಬೀದಿ' ಎಂದು ಹೆಸರಿಟ್ಟೆ; ಬೇರೇನೂ ಹೊಳೆಯಲಿಲ್ಲ.
ನಲ್ಲಿ ನೀರಿನ ಸರದಿ, ಸತ್ತವರ ತಿಥಿ,
ಯಾರ ಮನೆಯ ನಾಯಿ ಮರಿ ಹಾಕಿತು,
ಕೆಳಗೆ ನಾಲ್ಕು ಬೆರಳಗಲ ಖಾಲಿ ಜಾಗ:
ಇಲ್ಲಿ ನೀವು ಬರೆದು ಕೊಡಿ.

ನಾಲ್ಕು ತಿಂಗಳು ಯಾರೂ ಬರೆಯಲಿಲ್ಲ.
ಹಾಳೆ ಹೋಯಿತು, ಬೋಂಡದ ಎಣ್ಣೆ ಹೀರಿ
ಒಮ್ಮೊಮ್ಮೆ ನನ್ನ ಕೈಗೇ ವಾಪಸು ಬಂತು.

ಐದನೆಯದರಲ್ಲಿ ಬರೆದೆ:
ರಸ್ತೆ ಅಗಲವಾದಾಗ ಹೋದ ಹುಣಸೇಮರ
ಸೇದುವ ಬಾವಿಯ ಎಡಕ್ಕಿತ್ತು.

ಮಧ್ಯಾಹ್ನಕ್ಕೇ ಬಂದರು ಪುಟ್ಟಸ್ವಾಚಾರಿ, ಉಳಿ ಕೈಯಲ್ಲೇ:
"ಬಲಕ್ಕೆ ಕಣವ್ವ! ಅದರ ಕೊರಡಲ್ಲಿ ನಾನೇ ಒನಕೆ ಕೆತ್ತಿವ್ನಿ."
ಹಿಂದೆಯೇ ಶಂಷಾದಮ್ಮ: ಬಲ ಅಂದರೆ ಎಲ್ಲಿ ನಿಂತು?
ನಮ್ಮ ಜಗಲಿಯಿಂದ ಎಡವೇ.
ಚರಂಡಿಯ ಜಗಳದಲ್ಲಿ ಹತ್ತು ವರ್ಷ ಅವಳೊಡನೆ
ಮಾತು ಬಿಟ್ಟಿದ್ದ ಕೆಂಪಾಜಮ್ಮ
ನನ್ನ ಕಡೆ ತಿರುಗಿ, ಅವಳಿಗೆ ಕೇಳುವ ಹಾಗೆ:
"ಬಾವಿ ಮೆಟ್ಟಿಲು ಮೂಡ್ಲಾಗಿತ್ತು ಅಂತ ಯೋಳು ಅವ್ಳಿಗೆ."
ಯಾರೋ ಸೀಮೆಸುಣ್ಣ ತಂದರು. ಅಂಗಡಿಯ ನೆಲದ ಮೇಲೆ
ಬಾವಿ, ರಾಟೆ, ದನದ ತೊಟ್ಟಿ, ಮೂರು ಕಡೆ ಮರ.
ಫ್ಯಾಕ್ಟರಿ ಸೈರನ್ ಕೂಗಿದರೂ ಯಾರೂ ಏಳಲಿಲ್ಲ.

ಖಾಲಿ ಜಾಗ ಸಾಲದೆ ಹಾಳೆಯ ಬೆನ್ನಿಗೂ ಬರೆದರು.

ಅಂದಿನಿಂದ ತಿಂಗಳಿಗೊಂದು ತಪ್ಪು,
ಸಾಸಿವೆ ಕಾಳಷ್ಟು, ಒಗ್ಗರಣೆಗೆ.
ಒಂದು ಇಸವಿ, ಯಾರದೋ ಅಡ್ಡಹೆಸರು,
ಒಬ್ಬಟ್ಟಿನ ಹೂರಣಕ್ಕೆ ಬೆಲ್ಲದ ಅಳತೆ
(ಬೆಲ್ಲದ ಸೀಮೆಯಲ್ಲಿ ಬೆಲ್ಲದ ತಪ್ಪು! ಆ ಭಾನುವಾರ
ಕುರ್ಚಿಗಾಗಿ ಎದುರಿನ ಸಲೂನಿಗೆ ಓಡಬೇಕಾಯಿತು).
ಈಗ ನೂರಾ ನಲವತ್ತು ಪ್ರತಿ.

ಆಚಾರಿಗೆ ಗೊತ್ತಾಗಿದೆ, ನನಗನ್ನಿಸುತ್ತದೆ.
ಮೊನ್ನೆ ಕರಡು ಓದಿದರು, ಕನ್ನಡಕ ಹಣೆಗೇರಿಸಿದರು,
ಏನೂ ಅನ್ನಲಿಲ್ಲ;
ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಹೋದರು.
ನನಗೆ ಕಸಿವಿಸಿ. ಈ ತಿಂಗಳು
ಎಲ್ಲವನ್ನೂ ಸರಿಯಾಗಿಯೇ ಬರೆದೆ.
ಮೂರು ಸಲ ತಾಳೆ ನೋಡಿದೆ.

ಬೆಳಿಗ್ಗೆ ಶಟರ್ ಎತ್ತಿದರೆ
ಹೊರಗೆ ಕೆಂಪಾಜಮ್ಮ, ಶಂಷಾದಮ್ಮ,
ಒಂದೇ ಹಾಳೆಯನ್ನು ಎರಡು ಕಡೆಯಿಂದ ಹಿಡಿದು:
"ಪದ್ಮ, ಇದರಲ್ಲೊಂದು ತಪ್ಪದೆ ಕಣೆ."