ಖಾಲಿ ಬಕೆಟ್ಟು

ಚಿಯಾತುರಾದ ಗಣಿ ಕಾರ್ಮಿಕರ ಕ್ಲಬ್ಬು, ಸಂಜೆ ಐದು.
ಹೀಟರಿನ ಒಂದೇ ಕಂಬಿ ಕೆಂಪಗಿದೆ.
ಹೊರಗೆ ಕಣಿವೆಯ ಮೇಲೆ ತಂತಿಬಂಡಿ
ಹಗಲು ಪಾಳಿಯವರನ್ನು ಇಳಿಸುತ್ತಿದೆ.
ಒಳಗೆ ಹನ್ನೊಂದು ಮಕ್ಕಳು, ಒಂದು ತಗಡಿನ ಬಕೆಟ್ಟು.
‘ತುಂಬಿದೆ ಇದು,’ ಅಂದೆ. ‘ಬಾಗಿಲಿಂದ ಕಿಟಕಿಗೆ ಒಯ್ಯಿರಿ.’

ಎರೆಕ್ಲೆ ಏದುಸಿರು ಬಿಟ್ಟ, ಹಣೆ ಒರೆಸಿಕೊಂಡ,
ಮುಖವನ್ನು ಒದ್ದೆ ಬಟ್ಟೆಯಂತೆ ಹಿಂಡಿದ.
ಭಾರೀ ಚಪ್ಪಾಳೆ.
‘ಹೊತ್ತದ್ದು ನಿನ್ನ ಮುಖ. ಕೈ ಖಾಲಿ ಇತ್ತು’ ಅಂದೆ.
ಮುನಿಸಿಕೊಂಡು ಕೂತ.

ತಾಮ್ತಾ ಬಲು ನಯ; ಒಂದು ಹನಿಯೂ ಚೆಲ್ಲಲಿಲ್ಲ.
ತುಂಬಿದ ಕೊಡ ತುಳುಕುವುದಿಲ್ಲ ಅನ್ನುವವರು
ಲಿಫ್ಟು ಕೆಟ್ಟ ಕಟ್ಟಡದಲ್ಲಿ
ಏಳು ಮಹಡಿ ಹೊತ್ತು ನೋಡಬೇಕು.

ತೋರಿಸಬೇಡಿ, ಮಾಡಿ.
ಇಪ್ಪತ್ತು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ.
ನನಗೇ ಬಂದದ್ದು ಎಷ್ಟು ಸಲ?
ಎರಡು. ಹೆಚ್ಚೆಂದರೆ ಮೂರು.

ಕೊನೆಗೆ ತೋರ್ನಿಕೆ. ಮಾತು ಕಡಿಮೆ,
ಅಣ್ಣನ ಕೋಟು, ಮಡಿಸಿದ ತೋಳು.
ಎತ್ತುವ ಮುಂಚೆ ಹಿಡಿಕೆಗೆ ಚಿಂದಿ ಸುತ್ತಿದ,
ಇಲ್ಲದ ಚಿಂದಿ.
ಎಡಗೈ ತಾನಾಗಿ ಆಚೆ ಚಾಚಿತು.
ನಾಲ್ಕು ಹೆಜ್ಜೆಗೆ ನಿಂತ, ಇಳಿಸಿದ, ಕೈ ಬದಲಿಸಿದ,
ಬೆರಳ ಗೆರೆಯನ್ನೊಮ್ಮೆ ಉಜ್ಜಿಕೊಂಡ.
ಯಾರ ಕಡೆಗೂ ನೋಡಲಿಲ್ಲ.
ನೆಲದ ಹಲಗೆಯೊಂದು ಎದ್ದಿತ್ತು, ಎಡವಿದ.

ಮುಂದಿನ ಸಾಲಿನ ತಾಮ್ತಾ
ಥಟ್ಟನೆ ಎರಡೂ ಕಾಲು ಮೇಲೆತ್ತಿಕೊಂಡಳು.

ಯಾರೂ ನಗಲಿಲ್ಲ. ನಾನು ಏನೂ ಹೇಳಲಿಲ್ಲ.
ಎಲ್ಲ ಹೋದ ಮೇಲೆ ದೀಪ ಆರಿಸಲು ಹೊರಟವಳು
ಆ ಜಾಗವನ್ನು
ಬಳಸಿಕೊಂಡು ಹೋದೆ.